ಮುಟ್ಟುವವರು ಹೆಂಗಸರೇ ಆದರೆ ಸಾಕೇ?

ಮನೆಯ ಹೆಣ್ಣುಮಕ್ಕಳನ್ನು ಫಿಸಿಯೋಥೆರಪಿಗೋ ಎಣ್ಣೆ ಚಿಕಿತ್ಸೆಗೋ ಕಳುಹಿಸುವಾಗ ನಾವು ಕೇಳುವುದು ಒಂದೇ ಪ್ರಶ್ನೆ: "ಅಲ್ಲಿ ಮಾಲೀಸು ಮಾಡುವವರು ಹೆಂಗಸರೇ ತಾನೇ?" ಹೌದೆಂದರೆ ಮನಸ್ಸು ನಿಶ್ಚಿಂತೆ. ಕೇಳಬೇಕಾದ ಪ್ರಶ್ನೆಯೇ ಅದು. ಆದರೆ ವಿಚಾರಣೆ ಅಲ್ಲಿಗೇ ನಿಂತುಬಿಡುವುದು ನನಗೆ ಸರಿಕಾಣುವುದಿಲ್ಲ.

ನನ್ನ ಎರಡನೇ ಹೆರಿಗೆ ಸಿಸೇರಿಯನ್. ಎಣ್ಣೆ ಹಚ್ಚಿ ನೀರೆರೆಯಲು ಬರುತ್ತಿದ್ದವರು ಒಳ್ಳೆಯ ಕೈಗುಣದವರೆಂದು ಹೆಸರಾಗಿದ್ದರು. ಕೋಣೆಯ ಬಾಗಿಲು ಅರ್ಧ ತೆರೆದೇ ಇರುತ್ತಿತ್ತು. ನಾನು ಬಟ್ಟೆ ಎಳೆದುಕೊಂಡರೆ, "ಎಲ್ಲ ಹೆಂಗಸರೇ ಅಲ್ವಾ ಮಗಳೇ, ನಾಚಿಕೆ ಎಂತದ್ದು?" ಎಂದು ಕೈ ಸರಿಸುತ್ತಿದ್ದರು. ನೋಯುತ್ತದೆ ಎಂದರೂ ಹೊಟ್ಟೆ ಒತ್ತುತ್ತಿದ್ದರು. ಕೆಲವೇ ದಿನಗಳಲ್ಲಿ ನನ್ನ ಹೊಟ್ಟೆಯ ಗೆರೆಗಳ ವರ್ಣನೆ ಇನ್ನೊಬ್ಬ ಬಾಣಂತಿಯ ಮನೆಯಿಂದ ನನ್ನ ಕಿವಿಗೇ ತಿರುಗಿ ಬಂತು! ಆಗ ನಾನು ಬಾಯಿ ತೆರೆಯಲಿಲ್ಲ. ಹಿರಿಯರಿಗೆ ಎದುರಾಡಿದಂತಾಗುತ್ತದೆ ಎಂಬ ಅಂಜಿಕೆ.

ರೋಗಿಯ ದೇಹ ಚಿಕಿತ್ಸಕಿಯ ಕೈಯಲ್ಲಿರುವ ಅಮಾನತ್. ಎಲ್ಲಿ, ಹೇಗೆ ಮುಟ್ಟುತ್ತೇನೆ ಎಂದು ಆಕೆ ಮೊದಲೇ ಹೇಳಿ ಒಪ್ಪಿಗೆ ಕೇಳಬೇಕು. ಮಾಲೀಸು ಮಾಡುವ ಭಾಗವನ್ನಷ್ಟೇ ತೆರೆದು ಉಳಿದುದನ್ನು ಹೊದಿಸಿರಬೇಕು. ನಿಲ್ಲಿಸಿ ಎಂದರೆ ಆ ಕ್ಷಣವೇ ನಿಲ್ಲಿಸಬೇಕು, "ಸ್ವಲ್ಪ ತಾಳಿಕೊಳ್ಳಿ" ಎನ್ನುವಂತಿಲ್ಲ. ಕೋಣೆಯೊಳಗೆ ಮೊಬೈಲ್ ಬೇಡವೇ ಬೇಡ.

ತನಗೆ ತಿಳಿಯದ್ದಕ್ಕೆ ಕೈ ಹಾಕದಿರುವುದೂ ವೃತ್ತಿಧರ್ಮವೇ. ಹೆರಿಗೆಯ ನಂತರದ ವಾರಗಳಲ್ಲಿ ಕಾಲಿನ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟುವ ಸಂಭವ ಹೆಚ್ಚು. ಒಂದೇ ಕಾಲು ಊದಿ, ಬಿಸಿಯಾಗಿ ನೋಯುತ್ತಿದ್ದರೆ ತಿಕ್ಕಬಾರದು. ಹೆಪ್ಪು ಕಳಚಿ ಶ್ವಾಸಕೋಶಕ್ಕೆ ಹೋದರೆ ಜೀವಕ್ಕೇ ಅಪಾಯ. ತಕ್ಷಣ ವೈದ್ಯರ ಬಳಿ ಹೋಗಬೇಕು. ಸಿಸೇರಿಯನ್ ಆದವರ ಹೊಟ್ಟೆಯ ವಿಷಯದಲ್ಲೂ ವೈದ್ಯರನ್ನು ಕೇಳದೆ ಮುಂದುವರಿಯಬಾರದು.

ಚಿಕಿತ್ಸಾ ಕೇಂದ್ರಗಳಲ್ಲಿ ದುಡಿಯುವ ಹೆಣ್ಣುಮಕ್ಕಳಿಗೂ ಮಿತಿಗಳಿವೆ ಎಂಬುದನ್ನು ಮರೆಯುವವರೇ ಹೆಚ್ಚು. ಗಿರಾಕಿ ಅಸಭ್ಯವಾಗಿ ವರ್ತಿಸಿದಾಗ "ಹೊಂದಿಕೊಂಡು ಹೋಗು" ಎನ್ನುವ ಮಾಲೀಕರಿಗೆ ಏನೆನ್ನಬೇಕೋ! 2013ರ ಲೈಂಗಿಕ ಕಿರುಕುಳ ತಡೆ ಕಾಯ್ದೆಯ ಪ್ರಕಾರ 10 ಅಥವಾ ಹೆಚ್ಚು ಮಂದಿ ದುಡಿಯುವಲ್ಲಿ ಆಂತರಿಕ ದೂರು ಸಮಿತಿ ಇರಲೇಬೇಕು. ಅದಕ್ಕಿಂತ ಸಣ್ಣ ಕಡೆಗಳ ದೂರಿಗೆ ಜಿಲ್ಲೆಯ ಸ್ಥಳೀಯ ಸಮಿತಿ ಇದೆ. ಅಲ್ಲಿ ನೌಕರಿಯಲ್ಲಿಲ್ಲದ, ಚಿಕಿತ್ಸೆಗೆಂದು ಬಂದ ಮಹಿಳೆಯೂ 3 ತಿಂಗಳೊಳಗೆ ದೂರು ಕೊಡಬಹುದು. ದೂರು ಕೊಡುವುದರಿಂದ ಮಾನ ಹೋಗುತ್ತದೆಂದು ಮನೆಯವರೇ ತಡೆಯುವುದು ಬೇರೆ ಮಾತು.

ತಂಗಿಯ ಬಾಣಂತನಕ್ಕೆ ಹೊಸಬರೊಬ್ಬರು ಬಂದಾಗ, ಮೊದಲ ದಿನವೇ ಎಲ್ಲವನ್ನೂ ಮೆಲ್ಲಗೆ ಹೇಳಿದೆ. ಉಮ್ಮನಿಗೆ ಮುಜುಗರವಾಯಿತು. ಆದರೆ ಬಂದಾಕೆ ಬೇಸರಿಸಲಿಲ್ಲ. "ಇಷ್ಟು ಮನೆ ತಿರುಗಿದ್ದೇನೆ, ಯಾರೂ ಹೀಗೆ ಹೇಳಿದ್ದಿಲ್ಲ" ಎನ್ನುತ್ತಾ ತಾನೇ ಎದ್ದು ಬಾಗಿಲ ಚಿಲಕ ಹಾಕಿದರು.