ಮೋಡ ಬಿತ್ತನೆ: ಒಂದು ವಿಚಾರ

ಶೃಂಗೇರಿಗೆ ಸಮೀಪದ ಕಿಗ್ಗದ ಋಷ್ಯಶೃಂಗೇಶ್ವರನಿಗೆ ಎರಡು ಬಗೆಯ ಭಕ್ತರುಂಟು. ಮಳೆ ಬರಲೆಂದು ಹರಕೆ ಹೊರುವವರು ಕೆಲವರು. ನಿಲ್ಲಲೆಂದು ಬೇಡಿಕೊಳ್ಳುವವರು ಕೆಲವರು. ಕೊಪ್ಪ, ಶೃಂಗೇರಿ, ನರಸಿಂಹರಾಜಪುರಗಳ ನಾವು ಬಹುಮಟ್ಟಿಗೆ ಎರಡನೆಯ ಪಂಗಡದವರು. ಅಂಥವನೊಬ್ಬ ಮೋಡ ಬಿತ್ತನೆಯ ವಿಷಯವಾಗಿ ಲೇಖನಿ ಹಿಡಿದರೆ ವಾಚಕರಿಗೆ ನಗು ಬಂದೀತು. ನನ್ನನ್ನು ಇದಕ್ಕೆ ತೊಡಗಿಸಿದವನು ಕಡೂರು ಕಡೆಯ ನನ್ನ ಸಹಪಾಠಿ. ಅವನದೂ ನಮ್ಮದೂ ಒಂದೇ ಜಿಲ್ಲೆ. ಆದರೆ ಘಟ್ಟವೇರಿ ನಮ್ಮಲ್ಲಿ ಸುರಿದ ಮೋಡ ಅವರ ಊರನ್ನು ಮುಟ್ಟುವಾಗ ಬಹುಪಾಲು ಬರಿದಾಗಿರುತ್ತದೆ. ಅವರ ತೆಂಗಿನ ತೋಟ ಅರ್ಧ ಒಣಗಿದೆ. "ನಿಮಗೆ ಬೇಡವಾದ ಮಳೆಯನ್ನು ವಿಮಾನದಿಂದ ನಮ್ಮಲ್ಲಿ ಇಳಿಸಿದರೆ ನಿನಗೇನೋ ನಷ್ಟ?" ಎಂದು ಅವನು ಕೇಳಿದ.

ವಿಮಾನ ಮೋಡವನ್ನು ಹುಟ್ಟಿಸಲಾರದು. ಒಂದೂರಿನದನ್ನು ಇನ್ನೊಂದೂರಿಗೆ ಹೊತ್ತೊಯ್ಯಲೂ ಆರದು. ಮೋಡದೊಳಗಿನ ಹನಿ ಎಷ್ಟು ಸಣ್ಣದೆಂದರೆ, ಸುಮಾರು ಹತ್ತು ಲಕ್ಷ ಕೂಡಿದರೆ ಒಂದು ಮಳೆಹನಿ. ಕೂಡದಿದ್ದರೆ ಅವು ತೇಲುತ್ತ ಹೋಗಿ ಆರಿಹೋಗುತ್ತವೆ. ಕೂಡುವುದಕ್ಕೆ ನೆವವೊಂದನ್ನು ಒದಗಿಸುವುದೇ ಬಿತ್ತನೆ. ಎತ್ತರದ ಮೋಡಗಳಲ್ಲಿ ನೀರು ಸೊನ್ನೆ ಡಿಗ್ರಿಗಿಂತ ತಣ್ಣಗಿದ್ದೂ ಹೆಪ್ಪುಗಟ್ಟದೆ ಉಳಿದಿರುವುದುಂಟು. ಅಲ್ಲಿಗೆ ಸಿಲ್ವರ್ ಅಯೊಡೈಡಿನ ಹೊಗೆ ಬಿಟ್ಟರೆ, ಅದರ ಹರಳು ಮಂಜಿನ ಹರಳನ್ನೇ ಹೋಲುವುದರಿಂದ, ನೀರು ಅದರ ಸುತ್ತ ಹೆಪ್ಪುಗಟ್ಟಿ, ಭಾರವಾಗಿ, ಇಳಿಯುವಾಗ ಕರಗಿ ಮಳೆಯಾಗುತ್ತದೆ. ಕೆಳಮಟ್ಟದ ಬೆಚ್ಚನೆಯ ಮೋಡಕ್ಕೆ ಉಪ್ಪಿನ ಜಾತಿಯ ಕಣಗಳೇ ಸಾಕು. ಮಳೆಗಾಲದಲ್ಲಿ ಅಡಿಗೆಮನೆಯ ಉಪ್ಪು ಒದ್ದೆಯಾಗುವುದನ್ನು ಕಂಡ ನಮಗೆ ಇದನ್ನು ವಿವರಿಸಬೇಕಾಗಿಲ್ಲ. 1946ರಲ್ಲಿ ಅಮೆರಿಕದ ವಿನ್ಸೆಂಟ್ ಶೇಫರ್ ಡ್ರೈ ಐಸ್ ಚೆಲ್ಲಿ ಮೊದಲು ತೋರಿಸಿದ ವಿದ್ಯೆ ಇದು.

ನಮ್ಮ ಸರ್ಕಾರವೂ 2003ರಲ್ಲಿ 'ವರುಣ' ಎಂದು, 2017ರಲ್ಲಿ 'ವರ್ಷಧಾರೆ' ಎಂದು ಹೆಸರಿಟ್ಟು ವಿಮಾನ ಹಾರಿಸಿತು. 2017ರ ಆಗಸ್ಟ್, ಸೆಪ್ಟೆಂಬರುಗಳಲ್ಲಿ ಬೆಂಗಳೂರಿನಲ್ಲಿ ಅಪಾರ ಮಳೆಯೂ ಆಯಿತು. ಅದರಲ್ಲಿ ವಿಮಾನದ ಪಾಲೆಷ್ಟು, ಮುಂಗಾರಿನ ಪಾಲೆಷ್ಟು? ಕೊಳೆರೋಗಕ್ಕೆ ಬೋರ್ಡೋ ಹೊಡೆದ ಅಡಿಕೆಮರವನ್ನೂ ಹೊಡೆಯದ ಮರವನ್ನೂ ಪಕ್ಕಪಕ್ಕದಲ್ಲೇ ನೋಡಬಹುದು. ಮೋಡಕ್ಕೆ ಅಂಥ ಜೋಡಿ ಸಿಗುವುದಿಲ್ಲ. ಪುಣೆಯ ಭಾರತೀಯ ಉಷ್ಣವಲಯ ಹವಾಮಾನ ಸಂಸ್ಥೆಯವರು ಇದಕ್ಕೊಂದು ದಾರಿ ಹಿಡಿದರು. ಕಡೂರಿನಂತೆಯೇ ಮಳೆನೆರಳಿನ ಊರಾದ ಸೊಲ್ಲಾಪುರದಲ್ಲಿ 2018 ಮತ್ತು 2019ರಲ್ಲಿ 276 ಮೋಡಗಳನ್ನು ಆರಿಸಿ, ಚೀಟಿ ಎತ್ತಿದಂತೆ ಕೆಲವಕ್ಕೆ ಬಿತ್ತಿ ಕೆಲವನ್ನು ಹಾಗೆಯೇ ಬಿಟ್ಟರು. ಬಿತ್ತಿದಲ್ಲಿ ಮಳೆ ಸರಾಸರಿ ನೂರಕ್ಕೆ 18ರಷ್ಟು ಹೆಚ್ಚಿತು. ಇದು ಅಲ್ಲಗಳೆಯುವಂಥದಲ್ಲ. ಆದರೆ ಹತ್ತು ಹನಿ ಬೀಳುವಲ್ಲಿ ಹನ್ನೆರಡೂ ಆಗದು. ಮೋಡವೇ ಇಲ್ಲದ ದಿನ ಸೊನ್ನೆಗೆ ಸೊನ್ನೆಯೇ.

ಬೆಳ್ಳಿಯ ಅಂಶ ನೆಲನೀರನ್ನು ಕೆಡಿಸುವುದೆಂಬ ಭಯ ಕೆಲವರಿಗಿದೆ. ಬಳಸುವ ಪ್ರಮಾಣ ಅತ್ಯಲ್ಪವಾದುದರಿಂದ ನನಗೆ ಆ ಭಯವಿಲ್ಲ. ನನ್ನ ಆತಂಕ ಬೇರೆ. ಬಿತ್ತಿದ ಮೋಡ ಇಲ್ಲಿಯೇ ಸುರಿಯಬೇಕೆಂದು ಗೆರೆ ಎಳೆಯಲು ಬರುವುದಿಲ್ಲ. ಆಗಸ್ಟಿನಲ್ಲಿ ಎರಡನೆಯ ಸಲ ಔಷಧಿ ಹೊಡೆಯಲು ನಾಲ್ಕು ದಿನ ಹೊಳವಾಗಲೆಂದು ನಾವು ಆಕಾಶ ನೋಡುತ್ತಿರುತ್ತೇವೆ. ಒಂದು ವರ್ಷ ಹೊಳವೇ ಆಗದೆ ನಮ್ಮ ತೋಟದ ಅಡಿಕೆ ಅರ್ಧಕ್ಕರ್ಧ ಉದುರಿ ಕೊಳೆಯಿತು. ಅಪ್ಪಯ್ಯ ಮಾತಿಲ್ಲದೆ ಅದನ್ನು ಬಾಚಿ ಗುಡ್ಡೆ ಹಾಕಿದ್ದು ನೆನಪಿದೆ. ಭದ್ರಾ ಅಣೆಕಟ್ಟು ತುಂಬಲೆಂದು ಯಾರಾದರೂ ನಮ್ಮ ತಲೆಯ ಮೇಲೆ ಬಿತ್ತಹೊರಟರೆ ನಾನು ಒಪ್ಪಲಾರೆ. ನರಸಿಂಹರಾಜಪುರದವರು ಆ ಹಿನ್ನೀರಿಗೆ ಆಗಲೇ ಗದ್ದೆ ತೋಟಗಳನ್ನು ಕೊಟ್ಟವರು.

ಕಡೂರಿನ ಮೇಲೆ ಬೇಕಾದರೆ ಬಿತ್ತಲಿ. ಬರಗಾಲ ಸಾರಿ, ಮೋಡ ಚದುರಿದ ಮೇಲಲ್ಲ. ಜೂನ್, ಜುಲೈಯಲ್ಲಿ ಮೋಡವಿರುವಾಗಲೇ ವಿಮಾನ ಹಾರಲಿ. ಬಿತ್ತದೆ ಬಿಟ್ಟ ಮೋಡಗಳ ಲೆಕ್ಕವನ್ನೂ ಜನರ ಮುಂದಿಡಲಿ. ಅದಕ್ಕೂ ಮೊದಲು ಅಲ್ಲಿನ ಕೆರೆಗಳ ಹೂಳು ತೆಗೆಸಲಿ. ಆ ಹೆಚ್ಚಿನ ಮಳೆ ನಿಲ್ಲುವುದಾದರೂ ಎಲ್ಲಿ?

ಇಷ್ಟನ್ನು ಬರೆದು ಗೆಳೆಯನಿಗೆ ಓದಿ ಹೇಳಿದೆ. "ನಮ್ಮೂರ ಕೆರೆಯ ಹೂಳಿಗೆ ಅರ್ಜಿ ಕೊಟ್ಟು ಎಷ್ಟು ವರ್ಷವಾಯಿತು ಗೊತ್ತೇನೋ? ವಿಮಾನವಾದರೆ ಎರಡು ತಿಂಗಳಿಗೆ ಬಂದೀತು" ಎಂದ. ನನಗೆ ತಕ್ಷಣ ಉತ್ತರ ಹೊಳೆಯಲಿಲ್ಲ. ರಜೆಯಲ್ಲಿ ಅವನೂರಿಗೆ ಹೋಗಿ ಆ ಕೆರೆಯನ್ನು ನೋಡಿಬರುವುದೆಂದು ಗೊತ್ತುಮಾಡಿಕೊಂಡಿದ್ದೇವೆ.