ಚಹಾದ ಲೋಟಕ್ಕೆ ಲೆಕ್ಕ, ಕೋಟಿಯ ಗಂಟಿಗೆ ಮಾಫಿ

2025ರ ಜುಲೈ ತಿಂಗಳಿನಲ್ಲಿ ನಮ್ಮ ರಾಜ್ಯದ ವಾಣಿಜ್ಯ ತೆರಿಗೆ ಇಲಾಖೆಯವರು ಸಾವಿರಾರು ಮಂದಿ ಸಣ್ಣ ವ್ಯಾಪಾರಿಗಳಿಗೆ ನೋಟೀಸು ಕಳುಹಿಸಿದರು. ಬೇಕರಿಯವರು, ಬೀಡಾ ಅಂಗಡಿಯವರು, ಚಹಾ ಮಾರುವವರು, ತರಕಾರಿ ಮಾರುವವರು, ಯಾರನ್ನೂ ಬಿಡಲಿಲ್ಲ. ಗಿರಾಕಿಗಳು ಹತ್ತು, ಇಪ್ಪತ್ತು ರೂಪಾಯಿಯಂತೆ ಫೋನಿನ ಮೂಲಕ ಹಾಕಿದ ಹಣವನ್ನೆಲ್ಲ 2021-22ರಿಂದ ಒಟ್ಟುಗೂಡಿಸಿ, ನಿಮ್ಮ ವಹಿವಾಟು ಮಿತಿ ಮೀರಿದೆ, ಜಿ.ಎಸ್.ಟಿ. ಬಾಕಿ ಕಟ್ಟಿರಿ ಎಂದು ಲಕ್ಷಗಟ್ಟಲೆ ಲೆಕ್ಕ ತೋರಿಸಿದರು. ಬೆಂಗಳೂರಿನ ಅಂಗಡಿಗಳ ಮುಂದೆ ‘ಯು.ಪಿ.ಐ. ಇಲ್ಲ, ನಗದು ಮಾತ್ರ’ ಎಂಬ ಚೀಟಿಗಳು ಕಾಣಿಸಿಕೊಂಡವು. ವ್ಯಾಪಾರಿಗಳು ಬಂದ್ ಮಾಡುತ್ತೇವೆಂದು ಎದ್ದು ನಿಂತರು. ಆಗ ಸರಕಾರ ಹಿಂದಿನ ಬಾಕಿಯ ವಸೂಲಿಯನ್ನು ಕೈಬಿಡುವುದಾಗಿ ಹೇಳಿತು. ಒಗ್ಗಟ್ಟಾಗಿ ನಿಂತರೆ ಸರಕಾರದ ಕಿವಿ ಕೇಳಿಸುತ್ತದೆ ಎಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಡ.

ಗದ್ದಲ ತಣ್ಣಗಾಯಿತು. ಆದರೆ ಆ ಗದ್ದಲದಲ್ಲಿ ಯಾರೂ ಕೇಳದೆ ಉಳಿದ ಒಂದು ಪ್ರಶ್ನೆಯನ್ನು ನಾವು ಇಲ್ಲಿ ಕೇಳಬಯಸುತ್ತೇವೆ. ಬೀದಿಯ ಮೂಲೆಯ ಚಹಾದವನು ನಾಲ್ಕು ವರ್ಷದಲ್ಲಿ ಎಷ್ಟು ಲೋಟ ಚಹಾ ಮಾರಿದನೆಂದು ಲೆಕ್ಕ ಹಿಡಿಯಬಲ್ಲ ಈ ಸರಕಾರಗಳಿಗೆ, ನೂರಾರು ಕೋಟಿಯ ಒಡೆಯನ ಆಸ್ತಿಯ ಲೆಕ್ಕ ಹಿಡಿಯಲು ಮಾತ್ರ ಏಕೆ ಕೈಲಾಗುವುದಿಲ್ಲ?

ತೆರಿಗೆಯನ್ನೇ ಕಟ್ಟಬಾರದು ಎಂಬುದು ನಮ್ಮ ವಾದವಲ್ಲ. ಶಾಲೆ, ಆಸ್ಪತ್ರೆ, ರಸ್ತೆ, ಕುಡಿಯುವ ನೀರು ಇವೆಲ್ಲ ತೆರಿಗೆಯ ಹಣದಿಂದಲೇ ಆಗತಕ್ಕವು. ಸಮಾಜವಾದಿಗಳಾದ ನಾವು ತೆರಿಗೆಯ ವಿರೋಧಿಗಳಲ್ಲ. ನಾವು ಕೇಳುವುದು ಇಷ್ಟೇ: ಹೊರೆ ಯಾರ ಹೆಗಲ ಮೇಲೆ?

ಗಿರಣಿಯ ಬಂಧುಗಳಲ್ಲಿ ಅನೇಕರು, ‘ನಮಗೆ ಇನ್‌ಕಂ ಟ್ಯಾಕ್ಸ್ ಬರುವಷ್ಟು ಪಗಾರವಿಲ್ಲ, ತೆರಿಗೆಯ ಮಾತು ನಮಗೇಕೆ?’ ಎನ್ನುವುದುಂಟು. ಇದು ತಪ್ಪು ತಿಳುವಳಿಕೆ. ನೀವು ಕಟ್ಟದ ದಿನವೇ ಇಲ್ಲ. 2017ರ ಜುಲೈ 1ರಂದು ಜಿ.ಎಸ್.ಟಿ. ಬಂದಿತು. ಅಂದಿನಿಂದ 2025ರ ಸೆಪ್ಟೆಂಬರ್‌ವರೆಗೆ ಮೈಗೆ ಹಚ್ಚುವ ಸಾಬೂನಿಗೆ ಶೇಕಡ 18, ಹಲ್ಲುಜ್ಜುವ ಪೇಸ್ಟಿಗೆ ಶೇಕಡ 18, ತಲೆಗೆ ಹಚ್ಚುವ ಎಣ್ಣೆಗೆ ಶೇಕಡ 18. 2022ರ ಜುಲೈ 18ರಿಂದ ಪ್ಯಾಕೆಟ್ ಮಾಡಿದ ಅಕ್ಕಿ, ಗೋಧಿ ಹಿಟ್ಟು, ಮೊಸರು ಇವುಗಳ ಮೇಲೂ ಶೇಕಡ 5 ಬಿದ್ದಿತು. ಅಂಗಡಿಯವನು ಅದನ್ನು ಬೆಲೆಯಲ್ಲಿ ಸೇರಿಸಿ ನಿಮ್ಮಿಂದ ತೆಗೆದುಕೊಂಡು ಸರಕಾರಕ್ಕೆ ಕಟ್ಟುತ್ತಾನೆ. ಅವನು ಸಂಬಳವಿಲ್ಲದ ಗುಮಾಸ್ತ; ನೀವು ರಸೀದಿಯಿಲ್ಲದ ತೆರಿಗೆದಾರರು.

ನಾಲ್ಕನೆಯ ತರಗತಿಯ ಹುಡುಗನೂ ಮಾಡಬಲ್ಲ ಒಂದು ಲೆಕ್ಕವನ್ನು ನೋಡೋಣ. ಒಬ್ಬ ಕಾರ್ಮಿಕನಿಗೆ ದಿನಕ್ಕೆ 500 ರೂಪಾಯಿ ಕೂಲಿ. ಒಬ್ಬ ಧನಿಕನಿಗೆ ದಿನಕ್ಕೆ 50,000 ರೂಪಾಯಿ ವರಮಾನ. ಇಬ್ಬರೂ 100 ರೂಪಾಯಿಯ ಸಾಬೂನು ಕೊಂಡರು. ಶೇಕಡ 18ರ ದರದಲ್ಲಿ ಇಬ್ಬರೂ 18 ರೂಪಾಯಿ ತೆರಿಗೆ ಕಟ್ಟಿದರು. ಕಾನೂನಿನ ಕಣ್ಣಿಗೆ ಇದು ಸಮಾನತೆ! ಆದರೆ ಕಾರ್ಮಿಕನ ಪಾಲಿಗೆ ಆ 18 ರೂಪಾಯಿ ಎಷ್ಟು ಭಾರವೋ, ಧನಿಕನ ಪಾಲಿಗೂ ಅಷ್ಟೇ ಭಾರವಾಗಬೇಕಾದರೆ ಅವನು 1,800 ರೂಪಾಯಿ ಕಟ್ಟಬೇಕಾಗಿತ್ತು. ಇನ್ನೂ ಒಂದು ವಿಷಯ: ಕಾರ್ಮಿಕನ ಬಟವಾಡೆಯ ಹಣ ತಿಂಗಳು ಮುಗಿಯುವ ಮುನ್ನವೇ ಅಂಗಡಿ, ಔಷಧ, ಮಕ್ಕಳ ಬಟ್ಟೆ ಎಂದು ಪೂರ್ತಿ ಖರ್ಚಾಗುತ್ತದೆ. ಕೊಂಡದ್ದಕ್ಕೆ ತೆರಿಗೆ ಎಂದಾಗ ಅವನ ಗಳಿಕೆಯ ಬಹುಪಾಲು ತೆರಿಗೆಯ ತಕ್ಕಡಿಗೆ ಬೀಳುತ್ತದೆ. ಧನಿಕನು ಎಷ್ಟು ಉಂಡರೂ ಎಷ್ಟು ಉಟ್ಟರೂ ಅವನ ವರಮಾನದ ಒಂದು ಸಣ್ಣ ಪಾಲು ಮಾತ್ರ ಖರ್ಚಾಗುತ್ತದೆ. ಉಳಿದದ್ದು ಷೇರಾಗಿ, ನಿವೇಶನವಾಗಿ ಬೆಳೆಯುತ್ತ ಹೋಗುತ್ತದೆ.

2025ರ ಸೆಪ್ಟೆಂಬರ್ 22ರಿಂದ ಸಾಬೂನು, ಪೇಸ್ಟುಗಳ ದರವನ್ನು ಶೇಕಡ 5ಕ್ಕೆ ಇಳಿಸಿದರು. ಇಳಿಸಿದ್ದು ಒಳ್ಳೆಯದೇ, ಅದನ್ನು ಹಬ್ಬದ ಕೊಡುಗೆಯೆಂದು ಹಾಡಿ ಹೊಗಳಿದರು. ಎಂಟು ವರ್ಷ ಕಾಲ ಕಸಿದುಕೊಂಡದ್ದರಲ್ಲಿ ಮುಂದೆ ಕಡಮೆ ಕಸಿಯುತ್ತೇವೆ ಎನ್ನುವುದು ಕೊಡುಗೆ ಹೇಗಾದೀತು?

ಈಗ ಉಳ್ಳವರ ಖಾತೆಯನ್ನು ತೆರೆದು ನೋಡೋಣ. ಸ್ವಾತಂತ್ರ್ಯ ಬಂದ ಹೊಸತರಲ್ಲಿ ದೊಡ್ಡ ಆಸ್ತಿಗಳ ಮೇಲೆ ತೆರಿಗೆ ಹಾಕಬೇಕೆಂಬ ವಿವೇಕ ಈ ದೇಶದ ಆಳುವವರಿಗೂ ಇತ್ತು. 1953ರಲ್ಲಿ ಎಸ್ಟೇಟ್ ಡ್ಯೂಟಿ, ಅಂದರೆ ವಾರಸು ತೆರಿಗೆಯ ಕಾಯಿದೆ ಬಂದಿತು. ಧನಿಕನು ಸತ್ತಾಗ ಅವನ ಆಸ್ತಿ ಮಕ್ಕಳಿಗೆ ಹೋಗುವ ಮೊದಲು ಅದರಲ್ಲಿ ಸಮಾಜದ ಪಾಲು ಸಲ್ಲಬೇಕು ಎಂಬುದು ಅದರ ಅರ್ಥ. ಸಣ್ಣ ಆಸ್ತಿಗೆ ವಿನಾಯಿತಿ ಇತ್ತು. ಅತಿ ದೊಡ್ಡ ಆಸ್ತಿಯ ಮೇಲಿನ ಹಂತಕ್ಕೆ ಒಂದು ಕಾಲದಲ್ಲಿ ಶೇಕಡ 85ರವರೆಗೆ ದರವಿತ್ತು. 1956ರಲ್ಲಿ ಕೇಂಬ್ರಿಜ್ಜಿನ ಅರ್ಥಶಾಸ್ತ್ರಜ್ಞ ನಿಕೊಲಸ್ ಕಾಲ್ಡರ್ ಇಲ್ಲಿಗೆ ಬಂದು ವರದಿ ಕೊಟ್ಟ ಮೇಲೆ 1957ರಲ್ಲಿ ಸಂಪತ್ತಿನ ತೆರಿಗೆಯೂ 1958ರಲ್ಲಿ ದಾನದ ತೆರಿಗೆಯೂ ಬಂದವು. ಇದ್ದಾಗಲೂ ಕಟ್ಟಬೇಕು, ಕೊಡುವಾಗಲೂ ಕಟ್ಟಬೇಕು, ಹೋಗುವಾಗಲೂ ಕಟ್ಟಬೇಕು ಎಂಬ ಏರ್ಪಾಡು ಅದು.

ಆ ಮೂರು ಬಾಗಿಲುಗಳನ್ನೂ ಒಂದೊಂದಾಗಿ ಕಿತ್ತುಹಾಕಿದರು. 1985ರಲ್ಲಿ ವಾರಸು ತೆರಿಗೆ ಹೋಯಿತು. 1998ರಲ್ಲಿ ದಾನದ ತೆರಿಗೆ ಹೋಯಿತು. 2015ರ ಬಜೆಟ್ಟಿನಲ್ಲಿ ಸಂಪತ್ತಿನ ತೆರಿಗೆಯೂ ಹೋಯಿತು. ಮೊದಲನೆಯದನ್ನು ಕಿತ್ತವರು ಕಾಂಗ್ರೆಸ್ಸಿನವರು. ಕೊನೆಯದನ್ನು ಕಿತ್ತವರು ಭಾಜಪದವರು. ಚುನಾವಣೆಯ ವೇದಿಕೆಯ ಮೇಲೆ ಹಾವು ಮುಂಗುಸಿಯಂತೆ ಕಾದಾಡುವ ಈ ಎರಡು ಪಕ್ಷಗಳು ಈ ಒಂದು ಕೆಲಸದಲ್ಲಿ ಮಾತ್ರ ಒಬ್ಬರ ಹೆಗಲಿಗೆ ಒಬ್ಬರು ಹೆಗಲು ಕೊಟ್ಟಿದ್ದಾರೆ.

ಕಾರಣವಾಗಿ ಏನು ಹೇಳಿದರು? ‘ವಸೂಲಿ ಕಡಮೆ, ವಸೂಲಿಯ ಖರ್ಚು ಹೆಚ್ಚು’ ಎಂದರು. 1985ರಲ್ಲಿ ವಾರಸು ತೆರಿಗೆಯಿಂದ ವರ್ಷಕ್ಕೆ ಬರುತ್ತಿದ್ದದ್ದು ಸುಮಾರು 20 ಕೋಟಿ ರೂಪಾಯಿ ಎಂದರು. 2013-14ರಲ್ಲಿ ಇಡೀ ದೇಶದ ಸಂಪತ್ತಿನ ತೆರಿಗೆ 1,008 ಕೋಟಿ ಮಾತ್ರ ಎಂದರು. ಇದೊಂದು ವಿಚಿತ್ರ ನ್ಯಾಯ. ಕಳ್ಳರು ಸಿಕ್ಕುತ್ತಿಲ್ಲವೆಂದು ಕಳ್ಳತನದ ಕಾಯಿದೆಯನ್ನೇ ರದ್ದುಮಾಡಿದ ಊರನ್ನು ಯಾರಾದರೂ ಕಂಡಿದ್ದೀರಾ? ವಸೂಲಿ ಕಡಮೆಯಾಗಿದ್ದರೆ ಅದು ಆಸ್ತಿ ಇಲ್ಲದ್ದರಿಂದಲ್ಲ, ತೂತುಗಳನ್ನು ಮುಚ್ಚದೆ ಬಿಟ್ಟದ್ದರಿಂದ. ‘ಬದಲಿಗೆ ಕೋಟಿ ಮೀರಿದ ವರಮಾನದವರಿಗೆ ಶೇಕಡ 2 ಸರ್‌ಚಾರ್ಜು ಹಾಕಿದ್ದೇವಲ್ಲ’ ಎಂದೂ ಹೇಳಿದರು. ಸರ್‌ಚಾರ್ಜು ಬೀಳುವುದು ವರಮಾನದ ಮೇಲೆ. ಕೂಡಿಟ್ಟ ಸಂಪತ್ತಿನ ಮೇಲಲ್ಲ. ಷೇರಿನ ಬೆಲೆ ಸಾವಿರ ಕೋಟಿ ಏರಿದರೂ ಮಾರುವವರೆಗೆ ಅದು ವರಮಾನವಲ್ಲ. ಮಾರದೆ ಹಾಗೆಯೇ ಮಗನಿಗೆ ಬಿಟ್ಟು ಹೋದರೆ ವಾರಸು ತೆರಿಗೆಯೂ ಇಲ್ಲ!

ವಸೂಲಿ ಕಷ್ಟವೆಂಬ ಮಾತು ಅಂದು ಸ್ವಲ್ಪ ನಿಜವಿದ್ದಿರಬಹುದು. ಇಂದು? ಷೇರುಗಳೆಲ್ಲ ಗಣಕಯಂತ್ರದಲ್ಲಿವೆ, ಜಮೀನಿನ ನೋಂದಣಿ ಗಣಕಯಂತ್ರದಲ್ಲಿದೆ, ಬ್ಯಾಂಕಿನ ಖಾತೆಗೆ ಪ್ಯಾನ್ ಅಂಟಿಕೊಂಡಿದೆ. ಹತ್ತು ರೂಪಾಯಿಯ ಚಹಾವನ್ನು ಹಿಂಬಾಲಿಸಿ ಹಿಡಿದ ಅದೇ ಯಂತ್ರ, ಮನಸ್ಸು ಮಾಡಿದರೆ ಸಾವಿರ ಕೋಟಿಯ ಗಂಟನ್ನು ಒಂದು ಗಳಿಗೆಯಲ್ಲಿ ತೋರಿಸಬಲ್ಲದು. ಯಂತ್ರಕ್ಕೆ ಕಣ್ಣಿದೆ. ಅದನ್ನು ಬಡವನ ಕಡೆಗೇ ತಿರುಗಿಸಿಟ್ಟವರು ಮನುಷ್ಯರು.

ಮಾಫಿ ಇಷ್ಟಕ್ಕೇ ನಿಲ್ಲಲಿಲ್ಲ. 2019ರ ಸೆಪ್ಟೆಂಬರ್ 20ರಂದು ಕಂಪನಿಗಳ ಮೇಲಿನ ತೆರಿಗೆಯ ಮೂಲ ದರವನ್ನು ಶೇಕಡ 30ರಿಂದ 22ಕ್ಕೆ ಇಳಿಸಿದರು. ಹೊಸ ಕಾರ್ಖಾನೆ ಕಂಪನಿಗಳಿಗೆ ಶೇಕಡ 15. ಇದರಿಂದ ಬೊಕ್ಕಸಕ್ಕೆ ವರ್ಷಕ್ಕೆ 1,45,000 ಕೋಟಿ ರೂಪಾಯಿ ಖೋತಾ ಎಂದು ಸರಕಾರವೇ ಅಂದಾಜು ಹೇಳಿತು. ಪರಿಣಾಮವೇನು? 2023-24ರಲ್ಲಿ ಕಂಪನಿಗಳೆಲ್ಲ ಸೇರಿ ಕಟ್ಟಿದ ತೆರಿಗೆಗಿಂತ ಜನರು ಕಟ್ಟಿದ ವರಮಾನ ತೆರಿಗೆಯೇ ಹೆಚ್ಚಾಯಿತು. ಬಡವನ ಮನೆಗೆ ಹತ್ತು ಕಿಲೋ ಅಕ್ಕಿ ಕೊಟ್ಟರೆ ಅದು ‘ಬಿಟ್ಟಿ ಭಾಗ್ಯ’. ಕಂಪನಿಗೆ ಲಕ್ಷ ಕೋಟಿ ಬಿಟ್ಟುಕೊಟ್ಟರೆ ಅದು ‘ಪ್ರೋತ್ಸಾಹ’. ಪದಕೋಶವೂ ಉಳ್ಳವರದ್ದೇ!

ಇದರ ಫಲ ಕಣ್ಣಮುಂದಿದೆ. 2024ರ ಮಾರ್ಚಿಯಲ್ಲಿ ವರ್ಲ್ಡ್ ಇನ್‌ಈಕ್ವಾಲಿಟಿ ಲ್ಯಾಬ್‌ನ ಅರ್ಥಶಾಸ್ತ್ರಜ್ಞರು ಪ್ರಕಟಿಸಿದ ಅಂದಾಜಿನಂತೆ, 2022-23ರಲ್ಲಿ ನಮ್ಮ ದೇಶದ ವರಮಾನದಲ್ಲಿ ಶೇಕಡ 22.6 ಭಾಗ ಮೇಲಿನ ಶೇಕಡ 1 ಜನರ ಪಾಲಾಯಿತು. ಕೆಳಗಿನ ಅರ್ಧ ಜನಕ್ಕೆ ಸಿಕ್ಕಿದ್ದು ಶೇಕಡ 15. ಊರಹಬ್ಬದ ಪಂಕ್ತಿಯಲ್ಲಿ ನೂರು ಜನಕ್ಕೆ ನೂರು ರೊಟ್ಟಿ ಬಡಿದರೆಂದು ತಿಳಿಯಿರಿ. ಒಬ್ಬನೇ ಇಪ್ಪತ್ತೆರಡೂವರೆ ರೊಟ್ಟಿ ಎಳೆದುಕೊಂಡ. ಐವತ್ತು ಜನ ಹದಿನೈದು ರೊಟ್ಟಿಯನ್ನು ಹರಿದು ಹಂಚಿಕೊಂಡರು. ಆಸ್ತಿಯ ಲೆಕ್ಕ ಹಿಡಿದರೆ ಆ ಒಬ್ಬನ ಬಳಿ ನೂರರಲ್ಲಿ ನಲವತ್ತು. 1980ರ ದಶಕದ ಆರಂಭದಲ್ಲಿ ಮೇಲಿನ ಶೇಕಡ 1 ಜನರ ವರಮಾನದ ಪಾಲು ಶೇಕಡ 6ರಷ್ಟಿತ್ತು. ಬ್ರಿಟಿಷರ ಕಾಲಕ್ಕಿಂತ ಇಂದು ಅಸಮಾನತೆ ಹೆಚ್ಚು ಎಂದು ಅದೇ ಅರ್ಥಶಾಸ್ತ್ರಜ್ಞರು ಹೇಳಿದ್ದಾರೆ. ಬಿಳಿಯರು ಹೋಗಿ ಎಪ್ಪತ್ತೈದು ವರ್ಷವಾದ ಮೇಲೆ ಬಂದು ನಿಂತ ತಾಣವಿದು!

1963ರ ಆಗಸ್ಟಿನಲ್ಲಿ ಡಾ. ರಾಮಮನೋಹರ ಲೋಹಿಯಾ ಅವರು ಲೋಕಸಭೆಯಲ್ಲಿ ಎದ್ದು ನಿಂತು, ಈ ದೇಶದ 27 ಕೋಟಿ ಜನ ದಿನಕ್ಕೆ ಮೂರಾಣೆಯಲ್ಲಿ ಬದುಕುತ್ತಿದ್ದಾರೆ ಎಂದಾಗ ಆಳುವವರು ಹದಿನೈದಾಣೆ ಎಂದು ವಾದಿಸಿದರು. ಆದರೆ ಮೂರೋ ಹದಿನೈದೋ ಎಂದು ಸಭೆಯಲ್ಲಿ ಚರ್ಚೆಯಾದರೂ ಆಯಿತು. ಇಂದು ಆಣೆ ಹೋಗಿದೆ, ಆ ಚರ್ಚೆಯೂ ಹೋಗಿದೆ. 2024ರ ಲೋಕಸಭಾ ಚುನಾವಣೆಯ ಕಾಲಕ್ಕೆ ವಾರಸು ತೆರಿಗೆಯ ಮಾತೊಂದು ತಪ್ಪಿಬಂದಂತೆ ಕೇಳಿಬಂದಾಗ ಏನಾಯಿತು? ಒಂದು ಕಡೆಯವರು ಹೆಣ್ಣುಮಕ್ಕಳ ಮಾಂಗಲ್ಯದ ಹೆಸರೆತ್ತಿ ಹೆದರಿಸಿದರು. ಇನ್ನೊಂದು ಕಡೆಯವರು ‘ಅದು ನಮ್ಮ ಪಕ್ಷದ ಮಾತಲ್ಲ’ ಎಂದು ಕೈ ತೊಳೆದುಕೊಂಡರು. ಗುಂಜಿ ಬಂಗಾರದ ಒಡತಿಯನ್ನು ಮುಂದೆ ನಿಲ್ಲಿಸಿ, ಮಣಗಟ್ಟಲೆ ಬಂಗಾರದ ಒಡೆಯ ಹಿಂದೆ ಅಡಗಿಕೊಂಡ.

‘ಶ್ರೀಮಂತರಿಗೆ ತೆರಿಗೆ ಹಾಕಿದರೆ ಕಾರ್ಖಾನೆ ಮುಚ್ಚುತ್ತವೆ, ಬಂಡವಾಳ ಓಡಿಹೋಗುತ್ತದೆ’ ಎಂಬ ಗುಮ್ಮನನ್ನು ತೋರಿಸುವವರಿದ್ದಾರೆ. ಜಪಾನಿನಲ್ಲಿ ವಾರಸು ತೆರಿಗೆ ಮೇಲಿನ ಹಂತದಲ್ಲಿ ಶೇಕಡ 55. ಬ್ರಿಟನ್ನಿನಲ್ಲಿ ಮಿತಿ ಮೀರಿದ ಆಸ್ತಿಗೆ ಶೇಕಡ 40. ದಕ್ಷಿಣ ಕೊರಿಯಾದಲ್ಲಿ ಶೇಕಡ 50ರವರೆಗೆ. ನಿಮ್ಮಲ್ಲಿ ಹಲವರ ಕೈಯಲ್ಲಿರುವ ಸ್ಯಾಮ್‌ಸಂಗ್ ಫೋನಿನ ಕಂಪನಿಯ ಯಜಮಾನ 2020ರಲ್ಲಿ ತೀರಿಕೊಂಡಾಗ, ಅವರ ಮನೆಯವರು 12 ಲಕ್ಷ ಕೋಟಿ ವಾನ್‌ಗೂ ಹೆಚ್ಚು ವಾರಸು ತೆರಿಗೆಯನ್ನು ಐದು ವರ್ಷಗಳ ಕಂತಿನಲ್ಲಿ ಕಟ್ಟುವುದಾಗಿ 2021ರಲ್ಲಿ ಸಾರಿದರು. ಆ ಕಂಪನಿ ಮುಚ್ಚಿತೇ? ಆ ದೇಶ ಮುಳುಗಿತೇ? ಅಲ್ಲಿ ಆಗುವುದು ಇಲ್ಲಿ ಆಗುವುದಿಲ್ಲವೆಂದರೆ ಅದು ಅರ್ಥಶಾಸ್ತ್ರವಲ್ಲ, ಆಳುವವರ ಅಂಜಿಕೆ.

ಇನ್ನು ಕಾರ್ಖಾನೆ ಮುಚ್ಚುವ ಮಾತು. ದಾವಣಗೆರೆಯ ಹತ್ತಿ ಗಿರಣಿಗಳು ಒಂದೊಂದಾಗಿ ಬಾಗಿಲು ಹಾಕಿದ್ದು ವಾರಸು ತೆರಿಗೆಯಿಂದಲ್ಲ. 1982ರಲ್ಲಿ ಮುಂಬಯಿಯಲ್ಲಿ ಸುಮಾರು ಎರಡೂವರೆ ಲಕ್ಷ ಗಿರಣಿ ಕಾರ್ಮಿಕರು ಮುಷ್ಕರ ಹೂಡಿ ಸೋತರು. ಮುಂದೆ ಗಿರಣಿಗಳು ಮುಚ್ಚಿ, ಆ ಚಿಮಣಿಗಳಿದ್ದ ನೆಲದ ಮೇಲೆ ಮಾಲುಗಳೂ ಗಗನಚುಂಬಿ ಮನೆಗಳೂ ಎದ್ದವು. ಬೆವರು ಸುರಿಸಿದವನಿಗೆ ಮನೆಯ ದಾರಿ. ನೆಲದ ಬೆಲೆ ಒಡೆಯನ ಗಂಟಿಗೆ. ಆ ಗಂಟು ವಾರಸುದಾರರಿಗೆ ಇಳಿಯುವಾಗ ಬಿಡಿಕಾಸಿನ ವಾರಸು ತೆರಿಗೆಯೂ ಇಲ್ಲ. ಇದನ್ನೂ ‘ಸ್ವಂತ ದುಡಿಮೆಯ ಗಳಿಕೆ’ ಎನ್ನಬೇಕೇ? ಹುಟ್ಟುವುದೂ ಒಂದು ದುಡಿಮೆಯೇ? ಕಾಯಕ ಮಾಡದೆ ಉಣ್ಣುವುದು ತಪ್ಪೆಂದು ಎಂಟುನೂರು ವರ್ಷಗಳ ಹಿಂದೆಯೇ ಶರಣರು ಸಾರಿದ ನಾಡು ನಮ್ಮದು.

ಈಗ ನಮ್ಮ ನಮ್ಮಲ್ಲಿ ಒಂದು ಮಾತು. ಗಿರಣಿಯವರು ಅಂಗಡಿಯವನನ್ನು ‘ತೂಕದಲ್ಲಿ ಹೊಡೆಯುತ್ತಾನೆ’ ಎನ್ನುತ್ತಾರೆ. ಅಂಗಡಿಯವರು ಗಿರಣಿಯವರನ್ನು ‘ಮಾತೆತ್ತಿದರೆ ಮುಷ್ಕರ, ಉದ್ರಿ ತೀರಿಸುವುದಿಲ್ಲ’ ಎನ್ನುತ್ತಾರೆ. ಈ ಜಗಳ ಮೇಲಿನವರಿಗೆ ಬೆಲ್ಲದ ಪಾಯಸ. ಬಟವಾಡೆ ನಿಂತ ವಾರವೇ ಗಿರಣಿ ಓಣಿಯ ಕಿರಾಣಿ ಅಂಗಡಿಯ ಗಲ್ಲಾಪೆಟ್ಟಿಗೆ ಬರಿದಾಗುತ್ತದೆ. ಆ ಅಂಗಡಿ ಮುಚ್ಚಿದರೆ ಕಾರ್ಮಿಕನಿಗೆ ಉದ್ರಿ ಕೊಡುವವರಿಲ್ಲ. ದೊಡ್ಡ ಕಂಪನಿಯ ಮಾಲಿನಲ್ಲಿ ಉದ್ರಿಯ ಪುಸ್ತಕ ಇಡುತ್ತಾರೆಯೇ? ಒಂದೇ ನೊಗಕ್ಕೆ ಕಟ್ಟಿದ ಎರಡು ಎತ್ತುಗಳು ಒಂದನ್ನೊಂದು ತಿವಿದರೆ ಲಾಭ ಗಾಡಿಯ ಮೇಲೆ ಕುಳಿತವನಿಗೆ.

ನಮ್ಮ ಬೇಡಿಕೆಗಳು ಸ್ಪಷ್ಟವಾಗಿವೆ. ಕೋಟಿಗಟ್ಟಲೆ ಆಸ್ತಿಯ ಮೇಲೆ ಸಂಪತ್ತಿನ ತೆರಿಗೆಯನ್ನೂ ವಾರಸು ತೆರಿಗೆಯನ್ನೂ ಮತ್ತೆ ಜಾರಿಗೆ ತರಬೇಕು; ವಾಸದ ಒಂದು ಮನೆ, ಒಂದು ಅಂಗಡಿ, ರೈತನ ಹೊಟ್ಟೆಪಾಡಿನ ಹೊಲ ಇವನ್ನು ಮುಟ್ಟಕೂಡದು. ಅಕ್ಕಿ, ಹಿಟ್ಟು, ಸಾಬೂನು, ಔಷಧಗಳಂಥ ನಿತ್ಯದ ಪದಾರ್ಥಗಳ ಮೇಲಿನ ತೆರಿಗೆಯನ್ನು ಪೂರ್ತಿ ತೆಗೆಯಬೇಕು. ಸಣ್ಣ ವ್ಯಾಪಾರಿಗೆ ಮೊದಲು ತಿಳುವಳಿಕೆ ಕೊಡಬೇಕು, ಆಮೇಲೆ ನೋಟೀಸು. ಸಂಪತ್ತು ಕೆಲವರ ಕೈಯಲ್ಲಿ ಶೇಖರವಾಗದಂತೆ ನೋಡಿಕೊಳ್ಳಬೇಕೆಂದು ಸಂವಿಧಾನದ 39ನೆಯ ವಿಧಿಯೇ ಸರಕಾರಕ್ಕೆ ಹೇಳಿದೆ. ನಾವು ಹೊಸದೇನನ್ನೂ ಕೇಳುತ್ತಿಲ್ಲ. ಬರೆದಿಟ್ಟದ್ದನ್ನು ನಡೆಸಿರಿ ಎನ್ನುತ್ತಿದ್ದೇವೆ.

ಮುಂದೆ ಮತ ಕೇಳಲು ಬರುವ ಪ್ರತಿಯೊಬ್ಬ ಉಮೇದುವಾರನನ್ನೂ ಗಿರಣಿಯ ಗೇಟಿನಲ್ಲಿ, ಅಂಗಡಿಯ ಕಟ್ಟೆಯಲ್ಲಿ ನಿಲ್ಲಿಸಿ ಒಂದೇ ಮಾತು ಕೇಳಿರಿ: ‘ನಮ್ಮ ಚಹಾದ ಲೋಟದ ಲೆಕ್ಕ ಕೇಳಿದಿರಿ, ಕೊಟ್ಟೆವು. ಅವರ ಗಂಟಿನ ಲೆಕ್ಕ ಎಂದು ಕೇಳುತ್ತೀರಿ?’ ಉತ್ತರ ಕೊಡದವನಿಗೆ ಮತವಿಲ್ಲ. ಜುಲೈನಲ್ಲಿ ಅಂಗಡಿಯವರು ಒಂದಾಗಿ ನಿಂತಾಗ ನೋಟೀಸಿನ ಬಾಯಿ ಮುಚ್ಚಿತು. ಅಂಗಡಿಯವರೂ ಗಿರಣಿಯವರೂ ಕೂಡಿ ನಿಂತರೆ ತಿಜೋರಿಯ ಬಾಯಿ ತೆರೆಯದೆ ಇರಲಾರದು.