ಕನ್ನಡಿಯ ದೋಷವೋ, ಕಣಜದ ದೋಷವೋ?

ಕೃಷ್ಣರಾಜಪೇಟೆ ತಾಲ್ಲೂಕಿನ ಸಿಂಧಘಟ್ಟದ ರೈತನೊಬ್ಬನು ತನ್ನ ಪಹಣಿಯನ್ನು ಗಣಕಯಂತ್ರದ ಪರದೆಯ ಮೇಲೆ ನೋಡುತ್ತಿರುವನೆಂದು ಭಾವಿಸೋಣ. ಸರ್ವೆ ನಂಬರು ಸರಿಯಾಗಿದೆ, ವಿಸ್ತೀರ್ಣವೂ ಸರಿಯೆ. ಆದರೆ ತನ್ನ ಹೆಸರಿರಬೇಕಾದ ಖಾನೆಯಲ್ಲಿ ಬರಿಯ ಚೌಕಗಳ ಸಾಲು! ಹೆಸರೇ ಹೋದಮೇಲೆ ಹೊಲ ಉಳಿದೀತೆ ಎಂದು ಅವನು ಕಂಗಾಲಾದರೆ ಆಶ್ಚರ್ಯವೇನು?

ಹಿಂದಿನ ಕಡತದಲ್ಲಿ ಬರೆದುದೇ ಕಾಣುತ್ತಿತ್ತು. 2000ದ ಸುಮಾರಿಗೆ 'ಭೂಮಿ' ಯೋಜನೆಯು ರಾಜ್ಯದ ಸುಮಾರು ಎರಡು ಕೋಟಿ ಪಹಣಿಗಳನ್ನು ಗಣಕಕ್ಕೆ ಏರಿಸಿತು. ಅಂದಿನಿಂದ ಬರಹ ಬೇರೆ, ನೋಟ ಬೇರೆ ಆದುವು. ದಾಖಲೆಗಳಿರುವ ದತ್ತಸಂಚಯವು ಕಣಜ. ನಮೂನೆ ಮೂಡುವ ಪರದೆಯು ಕನ್ನಡಿ. ದೋಷವು ಯಾವುದರಲ್ಲಿದೆಯೆಂದು ಅರಿಯದೆ ತಿದ್ದಹೊರಡುವುದು, ನಾಡಿ ನೋಡದೆ ಔಷಧ ಕುಡಿಸಿದಂತೆ.

ಲಕ್ಷಣಗಳನ್ನು ಗಮನಿಸಿರಿ. ಚೌಕಗಳು ಕಂಡರೆ ಬಹುಮಟ್ಟಿಗೆ ಭಯವಿಲ್ಲ: ಆ ಯಂತ್ರದಲ್ಲಿ ಕನ್ನಡದ ಫಾಂಟಿಲ್ಲ, ಅಷ್ಟೆ. ಗ್ರಂಥ ಸಿದ್ಧವಾಗಿದೆ, ಅಚ್ಚಿನ ಮೊಳೆಗಳಿಲ್ಲ. ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳು ಕಂಡರೆ ಅದು ಹಳೆಯ ಸಂಕೇತದ ಬರಹವಿರಬಹುದು. ಯೂನಿಕೋಡ್ ಪದ್ಧತಿಯು 1991ರಲ್ಲಿಯೇ ಕನ್ನಡಕ್ಕೆ ಸ್ವಂತ ಮನೆ ಕೊಟ್ಟಿತಾದರೂ, ಹಳೆಯ ಫಾಂಟುಗಳಲ್ಲಿ ನಮ್ಮ ಅಕ್ಷರಗಳು ಇಂಗ್ಲಿಷಿನ ಮನೆಗಳಲ್ಲಿ ಬಾಡಿಗೆಗಿದ್ದುವು. ಅಂಥ ಬರಹವನ್ನು ಪರಿವರ್ತಿಸಿದರೆ ಹೆಸರು ಮರಳುತ್ತದೆ.

ಪ್ರಶ್ನಾರ್ಥಕ ಚಿಹ್ನೆಗಳ ಸಾಲು ಮಾತ್ರ ಗಂಡಾಂತರದ ಗುರುತು. ಕನ್ನಡವರಿಯದ ಮಾರ್ಗದಲ್ಲಿ ಸಾಗಿದ ಅಕ್ಷರವೊಂದೊಂದೂ ಈ ಚಿಹ್ನೆಯಾಗಿ ಮಾರ್ಪಡುವುದುಂಟು. ಕಣಜದಲ್ಲಿಯೂ ಅದೇ ಸೇರಿಬಿಟ್ಟಿದ್ದರೆ, ಅದರಿಂದ ಮೂಲಾಕ್ಷರವನ್ನು ಹೊರತೆಗೆಯಲು ಯಾರಿಂದಲೂ ಆಗದು.

ಇನ್ನೊಂದು ಬಗೆಯೂ ಉಂಟು. 'ಸಿಂಧಘಟ್ಟ' ಎಂಬುದು ನಮ್ಮ ಕಣ್ಣಿಗೆ ನಾಲ್ಕಕ್ಷರ. ಯೂನಿಕೋಡಿಗೆ ಅದು ಎಂಟು ಸಂಕೇತ. ಯುಟಿಎಫ್-8 ಕ್ರಮದಲ್ಲಿ ಸಂಕೇತಕ್ಕೆ ಮೂರರಂತೆ 24 ಬೈಟು. ಖಾನೆಗೆ 20 ಬೈಟುಗಳನ್ನಷ್ಟೆ ಅಳೆದಿಟ್ಟಿದ್ದರೆ ಕೆಲವು ವ್ಯವಸ್ಥೆಗಳು ಬರಹವನ್ನೇ ನಿರಾಕರಿಸುತ್ತವೆ. ಕೆಲವು ಸದ್ದಿಲ್ಲದೆ ಬಾಲ ಕತ್ತರಿಸಿ 'ಸಿಂಧಘಟ' ಎಂದು ಉಳಿಸುತ್ತವೆ. ಇದು ಕಣಜದ್ದೇ ದೋಷ. ಫಾಂಟು ಬದಲಿಸಿ ಫಲವಿಲ್ಲ. ಖಾನೆಯೇ ಬರಿದಾಗಿದ್ದರೆ, ನಮೂನೆಯ ಆ ಖಾನೆಯನ್ನು ಕಣಜದ ತಪ್ಪು ಅಂಕಣಕ್ಕೆ ಜೋಡಿಸಿರಬಹುದು.

ಆದುದರಿಂದ ಮೊದಲನೆಯ ನಿಯಮವಿದು: ನೋಟ ಕೆಟ್ಟಿರುವಾಗ 'ಉಳಿಸು' ಎಂಬ ಗುಂಡಿಯನ್ನು ಒತ್ತಲಾಗದು. ಒತ್ತಿದರೆ ಕನ್ನಡಿಯ ಕೊಳೆಯೇ ಕಣಜದ ಕಾಳಾದೀತು. ಬರಿದಾಗಿ ಕಂಡ ಖಾನೆ ನಿಜವಾಗಿಯೂ ಬರಿದಾದೀತು. ಅದೇ ದಾಖಲೆಯನ್ನು ಮತ್ತೊಂದು ಯಂತ್ರದಲ್ಲಿ ನೋಡಿರಿ. ಅಲ್ಲಿಯೂ ಕೆಟ್ಟಿದ್ದರೆ, ನಮೂನೆಯನ್ನು ಬದಿಗಿಟ್ಟು ದತ್ತಸಂಚಯದಲ್ಲಿಯೇ ಪರೀಕ್ಷಿಸುವಂತೆ ಬಲ್ಲವರನ್ನು ಕೇಳಿರಿ. ಅಲ್ಲಿ ಸರಿಯಿದ್ದರೆ ಕನ್ನಡಿಯನ್ನು ಒರೆಸಿದರೆ ಸಾಕು. ಅಲ್ಲಿಯೂ ತಪ್ಪಿದ್ದರೆ ಹಿಂದಿನ ಪ್ರತಿಯಿಂದಲೋ ಮೂಲ ಕಡತದಿಂದಲೋ ತುಂಬಿಸಬೇಕು.

ನಮ್ಮ ರೈತನಿಗೂ ಒಂದು ಮಾತು. ಹಳೆಯ ಪಹಣಿಯ ಪ್ರತಿ ಪೆಟ್ಟಿಗೆಯಲ್ಲಿದ್ದರೆ ಅದನ್ನು ರದ್ದಿಯೆಂದು ಎಸೆಯಬೇಡಿ. ಕನ್ನಡಿ ಕೈಕೊಟ್ಟ ದಿನ ನಿಮ್ಮ ಹೆಸರಿಗೆ ಸಾಕ್ಷಿ ನುಡಿಯುವುದು ಆ ಹಳದಿ ಕಾಗದವೇ.